ಫ್ರಾಂಕ್‌ಫರ್ಟ್‌ನಿಂದ ತೀರ್ಥಹಳ್ಳಿಗೆ: ನಡುರಾತ್ರಿ ದೇವನಹಳ್ಳಿಯಲ್ಲಿ ಇಳಿದ ಮೇಲೆ ನೀವು ಏನು ಮಾಡುತ್ತೀರಿ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು ಮತ್ತು 71 ವರ್ಷದ ನನ್ನ ತಾಯಿ ಹನ್ನೊಂದು ದಿನ ಸ್ವಿಟ್ಜರ್ಲೆಂಡ್ ಹಾಗೂ ದಕ್ಷಿಣ ಜರ್ಮನಿಯನ್ನು ಸುತ್ತಿ ಬಂದೆವು. ಪ್ರವಾಸದ ಪ್ರತಿ ದಿನವನ್ನೂ ಮೂರು ತಿಂಗಳು ಮೊದಲೇ ಕಾಗದದ ಮೇಲೆ ಬರೆದಿಟ್ಟಿದ್ದೆ. ಇಂಟರ್‌ಲಾಕೆನ್‌ನಿಂದ ಯಾವ ರೈಲು ಹಿಡಿಯಬೇಕು, ಅಮ್ಮನಿಗೆ ಮಧ್ಯಾಹ್ನ ಎಲ್ಲಿ ಅನ್ನ ಸಿಗುತ್ತದೆ ಎಂಬುದರವರೆಗೆ ಎಲ್ಲವೂ ಅದರಲ್ಲಿತ್ತು. ಮರಳುವ ದಿನಕ್ಕೆ ಮಾತ್ರ ‘ಬೆಂಗಳೂರು, ಅಲ್ಲಿಂದ ಊರಿಗೆ ಕಾರು’ ಎಂಬ ಒಂದೇ ಸಾಲು ಬರೆದಿದ್ದೆ.

ಫ್ರಾಂಕ್‌ಫರ್ಟ್‌ನಿಂದ ಮಧ್ಯಾಹ್ನ ಹೊರಟ ನೇರ ವಿಮಾನ ರಾತ್ರಿ ಒಂದೂವರೆಗೆ ದೇವನಹಳ್ಳಿಯಲ್ಲಿ ಇಳಿಯಿತು. ಪಾಸ್‌ಪೋರ್ಟ್ ತಪಾಸಣೆ, ಸಾಮಾನು, ಕಸ್ಟಮ್ಸ್ ಎಲ್ಲ ಮುಗಿಸಿ ಹೊರಗೆ ಬಂದಾಗ 2:45 ಆಗಿತ್ತು. ಊರಿನಿಂದಲೇ ಗೊತ್ತು ಮಾಡಿದ್ದ ಕಾರು ಕಾಯುತ್ತಿತ್ತು. ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮಾರ್ಗವಾಗಿ ತುಮಕೂರು ದಾಟಿದೆವು. ನಾನು, ನನ್ನ ಹೆಂಡತಿ, ಮಕ್ಕಳು ಎಲ್ಲರೂ ನಿದ್ದೆಯಲ್ಲಿದ್ದೆವು. ಸುಮಾರು 5:20ಕ್ಕೆ, ಕೆ.ಬಿ. ಕ್ರಾಸ್ ಬಿಟ್ಟು ತಿಪಟೂರಿನ ಕಡೆ ಸಾಗುತ್ತಿದ್ದಾಗ, ಅಮ್ಮ ಗಟ್ಟಿಯಾಗಿ ಕೂಗಿದ್ದು ಕೇಳಿ ಎಚ್ಚರವಾಯಿತು. ಎಡಗಡೆಯ ಎರಡೂ ಚಕ್ರಗಳು ರಸ್ತೆಯಿಂದ ಮಣ್ಣಿಗೆ ಇಳಿದಿದ್ದವು. ಚಾಲಕರು ಬ್ರೇಕ್ ಒತ್ತಿ ನಿಲ್ಲಿಸಿದಾಗ ಮುಂದೆ ಇಪ್ಪತ್ತು ಅಡಿಯಲ್ಲಿ ಒಂದು ಮೋರಿಯ ಕಟ್ಟೆ ಇತ್ತು. ಅಮ್ಮ ಒಬ್ಬರೇ ಎಚ್ಚರವಾಗಿದ್ದದ್ದರಿಂದ ನಾವು ಉಳಿದೆವು.

ಬರುವ ಮೇ ತಿಂಗಳಲ್ಲಿ ನನ್ನ ತಮ್ಮನ ಸಂಸಾರ ಇದೇ ವಿಮಾನದಲ್ಲಿ ಮರಳಲಿದೆ. ಶಿವಮೊಗ್ಗ, ಉತ್ತರ ಕನ್ನಡ, ಹುಬ್ಬಳ್ಳಿ, ಕರಾವಳಿ ಕಡೆಯವರು ಈ ಕೊನೆಯ 300 ಚಿಲ್ಲರೆ ಕಿಲೋಮೀಟರನ್ನು ಹೇಗೆ ಕಳೆಯುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಶಿರಸಿ ತೋಟ
ಬೆಳಕು ಹರಿಯುವವರೆಗೂ ನಾವು ವಿಮಾನ ನಿಲ್ದಾಣ ಬಿಟ್ಟು ಕದಲುವುದಿಲ್ಲ. ಹತ್ತು ವರ್ಷಗಳಿಂದ ಇದು ನಮ್ಮ ಮನೆಯ ನಿಯಮ.

ಹುಬ್ಬಳ್ಳಿಯವ
ದೇವರು ದೊಡ್ಡವನು, ಎಲ್ಲರೂ ಪಾರಾಗಿ ಬಂದಿರಿ. ನಾನು ಕಾರಿನ ಗೊಡವೆಗೇ ಹೋಗುವುದಿಲ್ಲ. ವಾಯುವಜ್ರ ಬಸ್ಸುಗಳು ರಾತ್ರಿಯಲ್ಲೂ ಓಡುವುದರಿಂದ ಮೂರು ಗಂಟೆಗೆ ಹತ್ತಿದರೆ ನಾಲ್ಕಕ್ಕೆಲ್ಲ ಮೆಜೆಸ್ಟಿಕ್ ತಲುಪಬಹುದು. ಬೆಳಿಗ್ಗೆ 5:45ಕ್ಕೆ ಧಾರವಾಡದ ವಂದೇ ಭಾರತ್ ರೈಲು ಹೊರಡುತ್ತದೆ. 2023ರ ಜೂನ್‌ನಲ್ಲಿ ಅದು ಆರಂಭವಾದ ಮೇಲೆ ನಮ್ಮ ಕಡೆಯವರ ಈ ಚಿಂತೆ ಬಹುಮಟ್ಟಿಗೆ ಕಳೆದಿದೆ. ನೀವು ದಾವಣಗೆರೆಯಲ್ಲಿ ಇಳಿದರೂ ಹಗಲು ಹೊತ್ತಿನ ಸಣ್ಣ ಪ್ರಯಾಣವಷ್ಟೇ ಉಳಿಯುತ್ತದೆ.

ದಾವಣಗೆರೆ ಬೆಣ್ಣೆ
ವಿಮಾನ ಒಂದು ಗಂಟೆ ತಡವಾದರೆ ಆ ರೈಲು ಕೈತಪ್ಪುತ್ತದೆ. ನನಗೆ ಎರಡು ಬಾರಿ ಹಾಗೆ ಆಗಿದೆ. ಐದು ಜನ, ಎಂಟು ಪೆಟ್ಟಿಗೆ, ಒಬ್ಬರು ಹಿರಿಯರು ಇರುವಾಗ ಮೆಜೆಸ್ಟಿಕ್ ಬಸ್ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ದಾಟುವುದು ಬರೆದಷ್ಟು ಸುಲಭವಲ್ಲ.

ನಾನೇ ಚಾಲಕ
ಬಾಡಿಗೆ ಚಾಲಕರನ್ನು ನಂಬುವುದೇ ತಪ್ಪು ಎಂದು ನನ್ನ ಅಭಿಪ್ರಾಯ. ನಾನು ಸ್ವಂತ ಕಾರನ್ನು ನಿಲ್ದಾಣದಲ್ಲೇ ನಿಲ್ಲಿಸಿ ಹೋಗುತ್ತೇನೆ, ಮರಳಿದ ಕೂಡಲೇ ನಾನೇ ಚಿಕ್ಕಮಗಳೂರಿಗೆ ಓಡಿಸಿಕೊಂಡು ಹೋಗುತ್ತೇನೆ. ಬೆಳಗಿನ ಜಾವ ಮೂರು ಗಂಟೆ ಎಂದರೆ ಯುರೋಪಿನಲ್ಲಿ ರಾತ್ರಿ ಹನ್ನೊಂದೂವರೆ. ನಮ್ಮ ದೇಹ ಇನ್ನೂ ಅಲ್ಲಿಯ ಗಡಿಯಾರದಲ್ಲೇ ಇರುವುದರಿಂದ ನಿದ್ದೆ ಬರುವುದಿಲ್ಲ. ನಾಲ್ಕು ಬಾರಿ ಹೀಗೆ ಬಂದಿದ್ದೇನೆ, ಒಮ್ಮೆಯೂ ತೊಂದರೆಯಾಗಿಲ್ಲ.

ಹಳದಿ ಬೋರ್ಡು
ನಾನು ಸಾಗರದಲ್ಲಿ ಮೂರು ಕಾರು ಇಟ್ಟುಕೊಂಡು ಬಾಡಿಗೆ ಮಾಡುವವನು, ಹದಿನಾರು ವರ್ಷ ಸ್ವತಃ ಸ್ಟೇರಿಂಗ್ ಹಿಡಿದವನು. ‘ಚಾಲಕರನ್ನು ನಂಬುವುದೇ ತಪ್ಪು’ ಎಂಬ ಮಾತು ಓದಿ ನೋವಾಯಿತು. ಚಾಲಕನ ಕಡೆಯಿಂದ ಆ ರಾತ್ರಿ ಹೇಗಿರುತ್ತದೆ ಎಂದು ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನಿಸಿ.

ಒಂದೂವರೆಗೆ ವಿಮಾನ ಇಳಿಯುತ್ತದೆ ಎಂದರೆ ತೀರ್ಥಹಳ್ಳಿಯ ಚಾಲಕ ಹಿಂದಿನ ಮಧ್ಯಾಹ್ನ ಮೂರಕ್ಕೆ ಊರು ಬಿಡಬೇಕು. ರಾತ್ರಿ ಹತ್ತು ಹತ್ತೂವರೆಗೆ ದೇವನಹಳ್ಳಿ ಮುಟ್ಟುತ್ತಾನೆ. ನಿಲ್ದಾಣದ ಒಳಗೆ ಪಾರ್ಕಿಂಗ್ ಶುಲ್ಕ ಗಂಟೆಗಳ ಲೆಕ್ಕದಲ್ಲಿ ಏರುವುದರಿಂದ ಹೊರಗೆ ಎಲ್ಲೋ ರಸ್ತೆ ಬದಿಯಲ್ಲಿ ನಿಲ್ಲಿಸಿ, ಸೀಟು ಹಿಂದಕ್ಕೆ ಮಾಡಿ ಮಲಗುತ್ತಾನೆ. ಸೊಳ್ಳೆ, ಲಾರಿಗಳ ಸದ್ದು, ‘ವಿಮಾನ ಎಲ್ಲಿದೆ’ ಎಂದು ನೋಡಲು ಅರ್ಧ ಗಂಟೆಗೊಮ್ಮೆ ಮೊಬೈಲು, ಇವುಗಳ ನಡುವೆ ಎಷ್ಟು ನಿದ್ದೆ ಬಂದೀತು? ಬೆಳಿಗ್ಗೆ ಐದಕ್ಕೆ ಎದ್ದವನು ಮರುದಿನ ಬೆಳಿಗ್ಗೆ ಐದಕ್ಕೆ ತಿಪಟೂರಿನಲ್ಲಿ ಇನ್ನೂ ಗಾಡಿ ಓಡಿಸುತ್ತಿರುತ್ತಾನೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ದುಡಿಮೆ ಎನ್ನುತ್ತಿತ್ತು, ಆದರೆ ಅದೂ ಐದು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ ಮಾತ್ರ. ನಮ್ಮಂಥ ಎರಡು ಮೂರು ಕಾರಿನವರಿಗೆ ಅಂಥ ರಕ್ಷಣೆ ಇರಲಿಲ್ಲ. ಬಾಡಿಗೆ ಬಂದಾಗ ‘ನನಗೆ ನಿದ್ದೆಯಾಗಿಲ್ಲ’ ಎಂದು ಹೇಳಿದರೆ ಗಿರಾಕಿ ಮುಂದಿನ ಬಾರಿ ಬೇರೆಯವರನ್ನು ಕರೆಯುತ್ತಾರೆ.

ನಾನು ಈಗ ಮಾಡುವುದು ಇಷ್ಟೇ. ನಡುರಾತ್ರಿಯ ವಿಮಾನವಾದರೆ ದೇವನಹಳ್ಳಿಯಲ್ಲಿ ಚಾಲಕನಿಗೆ ಒಂದು ಕೋಣೆ ಮಾಡಿಸಬೇಕು, ಹೊರಡುವುದು ಬೆಳಿಗ್ಗೆ ಆರರ ನಂತರ ಎಂಬ ಷರತ್ತು ಹಾಕುತ್ತೇನೆ. ಒಪ್ಪದವರ ಬಾಡಿಗೆ ಹಿಡಿಯುವುದಿಲ್ಲ. ಹೀಗೆ ಮಾಡಿ ಕೆಲವು ಖಾಯಂ ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ.

ಶಿರಸಿ ತೋಟ
ಹಳದಿ ಬೋರ್ಡು ಅವರ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ.

ರಾತ್ರಿಪಾಳಿ ವೈದ್ಯೆ
ನಾನೇ ಚಾಲಕ ಅವರಿಗೆ ಉತ್ತರಿಸಲೇಬೇಕು, ಏಕೆಂದರೆ ಆ ನಂಬಿಕೆ ಬಹಳ ಜನರಲ್ಲಿದೆ.

ಲೆಕ್ಕ ಹಾಕಿ ನೋಡಿ. ಜರ್ಮನಿಯಲ್ಲಿ ಬೆಳಿಗ್ಗೆ ಏಳಕ್ಕೆ ಎದ್ದಿರಿ ಎನ್ನೋಣ. ಅಲ್ಲಿಯ ಬೇಸಿಗೆಯ ಸಮಯದಲ್ಲಿ ಅದು ನಮ್ಮ 10:30. ವಿಮಾನ ಹಗಲಿನಲ್ಲಿ ಹೊರಡುವುದರಿಂದ ನೀವು ಸಿನಿಮಾ ನೋಡುತ್ತೀರಿ, ಊಟ ಮಾಡುತ್ತೀರಿ, ನಿದ್ದೆ ಮಾಡುವುದಿಲ್ಲ. ತುಂಗಾತೀರ ಅವರ ಕಾರು ರಸ್ತೆ ಬಿಟ್ಟ 5:20ಕ್ಕೆ ನೀವು ಸ್ಟೇರಿಂಗ್ ಹಿಡಿದಿದ್ದರೆ, ಎದ್ದು ಸುಮಾರು ಹತ್ತೊಂಬತ್ತು ಗಂಟೆ ಆಗಿರುತ್ತಿತ್ತು. ಹದಿನೇಳು ಗಂಟೆ ಸತತವಾಗಿ ಎಚ್ಚರವಿದ್ದವರ ಚುರುಕುತನ, ನೂರು ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆ ಎಂಬುದನ್ನು 1997ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿಲಿಗ್ರಾಂ. ಕುಡಿದು ಓಡಿಸಲು ನೀವು ಒಪ್ಪುವುದಿಲ್ಲ ಎಂದು ನನಗೆ ಖಾತರಿ ಇದೆ, ಹಾಗಿದ್ದರೆ ಇದನ್ನು ಹೇಗೆ ಒಪ್ಪುತ್ತೀರಿ?

ಇನ್ನೊಂದು ವಿಷಯ. ಮೂರು ಗಂಟೆಗೆ ನಿಮಗೆ ನಿದ್ದೆ ಬರದಿರುವುದು ನಿಜವೇ ಇರಬಹುದು. ಆದರೆ ದೇಹದ ಗಡಿಯಾರಕ್ಕೆ ಎರಡು ಗಂಟೆ ಹೊಡೆಯುವುದು ನಮ್ಮ ಐದೂವರೆಗೆ; ಆಗ ನೀವು ದಾರಿಯ ನಡುವೆ ಇರುತ್ತೀರಿ. ಆ ಹೊತ್ತಿನ ಜೊಂಪು ಕೇಳಿ ಬರುವುದಿಲ್ಲ, ಕೆಲವೊಮ್ಮೆ ಕಣ್ಣು ತೆರೆದಿರುವಾಗಲೇ ಬರುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಮೂರು ಸೆಕೆಂಡು ಮೈಮರೆತರೆ 66 ಮೀಟರ್.

ನಾನೇ ಚಾಲಕ
ವೈದ್ಯರೇ, ಲೆಕ್ಕವನ್ನು ಒಪ್ಪುತ್ತೇನೆ. ಆದರೆ ದಾರಿಯಲ್ಲಿ ಎರಡು ಬಾರಿ ಕಾಫಿ ಕುಡಿಯುತ್ತೇನೆ, ಕಿಟಕಿ ಇಳಿಸಿಕೊಂಡು ಹೋಗುತ್ತೇನೆ. ಅದರಿಂದ ಪ್ರಯೋಜನವೇ ಇಲ್ಲ ಎನ್ನುತ್ತೀರಾ?

ರಾತ್ರಿಪಾಳಿ ವೈದ್ಯೆ
ಕಿಟಕಿಯ ಗಾಳಿಯಿಂದ ಪ್ರಯೋಜನ ಬಹಳ ಕಡಿಮೆ. ಕಾಫಿಯಿಂದ ಇದೆ, ಆದರೆ ಅದರ ಪರಿಣಾಮ ಕಾಣಲು ಸುಮಾರು ಅರ್ಧ ಗಂಟೆ ಬೇಕು. ಆದ್ದರಿಂದ ಕುಡಿದ ಕೂಡಲೇ ಹೊರಡುವ ಬದಲು ಕುಡಿದು ಇಪ್ಪತ್ತು ನಿಮಿಷ ಮಲಗಿ ಏಳುವುದು ಉತ್ತಮ. ಅದೂ ಒಂದೆರಡು ಗಂಟೆಯ ಆಸರೆಯೇ ಹೊರತು ರಾತ್ರಿಯ ನಿದ್ದೆಗೆ ಬದಲಿಯಲ್ಲ.

ಕೋಲಾರದ ಹುಡುಗ
ಯುರೋಪಿನಿಂದ ಬರುವ ಇಷ್ಟೊಂದು ವಿಮಾನಗಳು ನಡುರಾತ್ರಿಯೇ ಏಕೆ ಇಳಿಯಬೇಕು? ಬೆಳಿಗ್ಗೆ ಇಳಿಸಿದರೆ ಈ ಚರ್ಚೆಯೇ ಬೇಡವಾಗಿತ್ತು.

ರನ್‌ವೇ
ಅದಕ್ಕೆ ಕಾರಣ ನಮ್ಮ ಊರಿನಲ್ಲಿಲ್ಲ, ಅಲ್ಲಿದೆ. ಫ್ರಾಂಕ್‌ಫರ್ಟ್‌ನಲ್ಲಿ 2011ರಿಂದ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ವೇಳಾಪಟ್ಟಿಯ ವಿಮಾನಗಳಿಗೆ ನಿಷೇಧವಿದೆ. ಸುತ್ತಲಿನ ನಿವಾಸಿಗಳು ಸದ್ದಿನ ವಿರುದ್ಧ ವರ್ಷಗಟ್ಟಲೆ ಹೋರಾಡಿ ಪಡೆದದ್ದು ಅದು. ಯುರೋಪಿನ ಇನ್ನೂ ಹಲವು ದೊಡ್ಡ ನಿಲ್ದಾಣಗಳಲ್ಲಿ ರಾತ್ರಿಗೆ ನಿರ್ಬಂಧಗಳಿವೆ. ಅಲ್ಲಿಂದ ಮಧ್ಯಾಹ್ನ ಹೊರಟ ವಿಮಾನ ಎಂಟೂವರೆ ಒಂಬತ್ತು ಗಂಟೆ ಹಾರಿ, ಮೂರೂವರೆ ಗಂಟೆಯ ಕಾಲವ್ಯತ್ಯಾಸ ಸೇರಿ, ಇಲ್ಲಿ ಒಂದು ಒಂದೂವರೆಗೆ ಇಳಿಯುತ್ತದೆ. ಅದೇ ವಿಮಾನ ಎರಡು ಗಂಟೆಯಲ್ಲಿ ಮತ್ತೆ ಏರಿ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅಲ್ಲಿ ಇಳಿಯುತ್ತದೆ, ಇಲ್ಲಿಂದ ಹೋದವರಿಗೆ ಅಮೆರಿಕ ಮತ್ತು ಯುರೋಪಿನ ಹಗಲಿನ ವಿಮಾನಗಳು ಸಿಗುತ್ತವೆ. ಬೆಳಿಗ್ಗೆ ಹತ್ತಕ್ಕೆ ಇಲ್ಲಿ ಇಳಿಯಬೇಕಾದರೆ ಅಲ್ಲಿ ರಾತ್ರಿ ಹತ್ತಕ್ಕೆ ಏರಬೇಕು. ಸ್ವಲ್ಪ ತಡವಾದರೂ ನಿಷೇಧದ ಗಂಟೆ ಬಂದುಬಿಡುತ್ತದೆ, ಹಿಂದಿರುಗಿ ಹೋಗುವಾಗ ಸಂಜೆ ಇಳಿದವರಿಗೆ ಮುಂದಿನ ವಿಮಾನಗಳೂ ಕಡಿಮೆ.

ಕೋಲಾರದ ಹುಡುಗ
ಅವರ ನಿದ್ದೆ ಕಾಯಲು ಕಾನೂನು ಇದೆ, ನಮ್ಮ ಚಾಲಕರ ನಿದ್ದೆ ಕಾಯಲು ಯಾರೂ ಇಲ್ಲ ಎಂದಾಯಿತು.

ಕರಾವಳಿ
ತೀರ್ಥಹಳ್ಳಿಯವರು ಬೆಂಗಳೂರಿಗೇ ಏಕೆ ಬರುತ್ತೀರಿ ಎಂಬುದು ನನ್ನ ಪ್ರಶ್ನೆ. ದುಬೈ ಅಥವಾ ಅಬುಧಾಬಿ ಮಾರ್ಗವಾಗಿ ಮಂಗಳೂರಿಗೆ ಬಂದರೆ ಉಡುಪಿ, ಆಗುಂಬೆ ಹಾದು ನಿಮ್ಮ ಮನೆಗೆ ಬೆಂಗಳೂರಿನ ಅರ್ಧ ದೂರವೂ ಇಲ್ಲ. ನಾವು ಕುಂದಾಪುರದವರು ಶಿರಾಡಿ ಘಾಟಿಯನ್ನು ರಾತ್ರಿ ಇಳಿಯುವ ಕಷ್ಟ ಬೇಡವೆಂದೇ ಹಾಗೆ ಬರುತ್ತೇವೆ.

ತುಂಗಾತೀರ
ಅದನ್ನು ಯೋಚಿಸಿಯೇ ಇರಲಿಲ್ಲ, ಧನ್ಯವಾದ. ಆದರೆ ಅಮ್ಮನನ್ನು ನಡುವೆ ಇಳಿಸಿ, ಇನ್ನೊಂದು ವಿಮಾನಕ್ಕೆ ಮೂರು ನಾಲ್ಕು ಗಂಟೆ ಕಾಯಿಸುವುದು ಸರಿಯೇ ಎಂಬ ಅನುಮಾನವಿದೆ.

ದಾವಣಗೆರೆ ಬೆಣ್ಣೆ
ಆಗುಂಬೆಯ ಹದಿನಾಲ್ಕು ತಿರುವುಗಳನ್ನು ನಿದ್ದೆಗೆಟ್ಟ ಚಾಲಕ ಹತ್ತಿಸುವುದು ತಿಪಟೂರು ರಸ್ತೆಗಿಂತ ಸುರಕ್ಷಿತವೆಂದು ನನಗನ್ನಿಸುವುದಿಲ್ಲ. ದೂರಕ್ಕಿಂತ ಹೊತ್ತು ಮುಖ್ಯ.

ಕರಾವಳಿ
ಹಗಲು ಇಳಿಯುವ ವಿಮಾನವನ್ನು ಆರಿಸಿಕೊಂಡರೆ ಎಂಬ ಅರ್ಥದಲ್ಲಿ ಹೇಳಿದೆ. ಸ್ಪಷ್ಟವಾಗಿ ಬರೆಯಬೇಕಿತ್ತು.

ಸೋಗಾನೆ ಹತ್ತಿರದವನು
ನಮ್ಮ ಶಿವಮೊಗ್ಗದ ಕುವೆಂಪು ವಿಮಾನ ನಿಲ್ದಾಣವನ್ನು ಯಾರೂ ಹೇಳಲಿಲ್ಲವಲ್ಲ. 2023ರ ಆಗಸ್ಟ್ 31ರಿಂದ ಬೆಂಗಳೂರಿಗೆ ವಿಮಾನವಿದೆ.

ರನ್‌ವೇ
ಒಳ್ಳೆಯ ದಾರಿ, ಆದರೆ ಎರಡು ಎಚ್ಚರಿಕೆಗಳಿವೆ. ವಿದೇಶದಿಂದ ಬಂದವರು ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಸಾಮಾನು ಪಡೆದು ಕಸ್ಟಮ್ಸ್ ದಾಟಿ, ಮತ್ತೆ ಒಳನಾಡಿನ ವಿಮಾನಕ್ಕೆ ಸಾಮಾನು ಒಪ್ಪಿಸಬೇಕು. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ಗೆ ಬರುತ್ತಿರುವುದರಿಂದ, ಮುಂದಿನ ವಿಮಾನ ಒಂದನೇ ಟರ್ಮಿನಲ್‌ನಲ್ಲಿದ್ದರೆ ಅಲ್ಲಿಗೆ ಬಸ್ಸಿನಲ್ಲಿ ಹೋಗಬೇಕು. ಎರಡನೆಯದಾಗಿ, ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಮೊದಲ ವಿಮಾನ ತಡವಾದದ್ದಕ್ಕೆ ಎರಡನೆಯ ಕಂಪನಿ ಹೊಣೆಯಲ್ಲ.

ಬನಶಂಕರಿ ಅತ್ತಿಗೆ
ಕಸ್ಟಮ್ಸ್ ಮಾತು ಬಂದದ್ದರಿಂದ ಕೇಳುತ್ತೇನೆ: ಮೈಮೇಲಿನ ಬಳೆಗಳ ಬಗ್ಗೆ ಕೇಳಿ ನಮ್ಮ ಅತ್ತೆಯನ್ನು ಮುಕ್ಕಾಲು ಗಂಟೆ ನಿಲ್ಲಿಸಿದರು. ಮಹಿಳೆಯರಿಗೆ 40 ಗ್ರಾಂ ಚಿನ್ನಕ್ಕೆ ವಿನಾಯಿತಿ ಇದೆಯಲ್ಲವೇ?

ರನ್‌ವೇ
ಆ ವಿನಾಯಿತಿ ವಿದೇಶದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ನೆಲೆಸಿ ಮರಳುವವರಿಗೆ, ಹನ್ನೊಂದು ದಿನದ ಪ್ರವಾಸಿಗರಿಗಲ್ಲ. ಇಲ್ಲಿಂದ ಧರಿಸಿಕೊಂಡು ಹೋದ ಒಡವೆಯಾದರೆ, ಹೋಗುವಾಗಲೇ ಕಸ್ಟಮ್ಸ್ ಅಧಿಕಾರಿಗಳಿಗೆ ತೋರಿಸಿ ರಫ್ತು ಪ್ರಮಾಣಪತ್ರ ಪಡೆದಿಟ್ಟುಕೊಂಡರೆ ಮರಳುವಾಗ ತಕರಾರು ಇರುವುದಿಲ್ಲ.

ಶಿರಸಿ ತೋಟ
ಅದು ಉಪಯುಕ್ತವೇ, ಆದರೆ ದಯವಿಟ್ಟು ರಸ್ತೆಯ ಮಾತಿಗೆ ಮರಳೋಣ.

ಮೈಸೂರಿನವಳು
ನಮಗೆ ನಿಲ್ದಾಣದಿಂದಲೇ ಸಾರಿಗೆ ನಿಗಮದ ಫ್ಲೈಬಸ್ ಇದೆ. ಇಂಥದ್ದೊಂದು ತುಮಕೂರು, ಅರಸೀಕೆರೆ, ಕಡೂರು ದಾರಿಯಲ್ಲಿ ಶಿವಮೊಗ್ಗದವರೆಗೆ ಬೇಕೆಂದು ಎಲ್ಲರೂ ಸೇರಿ ಮನವಿ ಕೊಡಬಾರದೇಕೆ?

ಹಳದಿ ಬೋರ್ಡು
ಬಂದರೆ ನಮ್ಮ ಬಾಡಿಗೆ ಕಡಿಮೆಯಾಗುತ್ತದೆ, ಆದರೂ ಬರಲಿ ಎಂದೇ ಹೇಳುತ್ತೇನೆ.

ನಿವೃತ್ತ ಶಿಕ್ಷಕಿ
ಇಲ್ಲಿ ಹಿರಿಯರನ್ನು ಕುರಿತು ಎಲ್ಲರೂ ಬರೆಯುತ್ತಿದ್ದೀರಿ, ಹಿರಿಯರು ಯಾರೂ ಬರೆದಿಲ್ಲ. ನನಗೆ 68. ಮಗನ ಜೊತೆ ಎರಡು ಬಾರಿ ವಿದೇಶಕ್ಕೆ ಹೋಗಿ ಬಂದಿದ್ದೇನೆ.

ಮರಳುವ ದಿನ ನಮ್ಮ ಮನಸ್ಸು ಹೇಗಿರುತ್ತದೆ ಎಂದು ಮಕ್ಕಳಿಗೆ ತಿಳಿದಿರುವುದಿಲ್ಲ. ಹತ್ತು ದಿನ ಬ್ರೆಡ್ಡು ತಿಂದು, ಚಳಿಯಲ್ಲಿ ನಡೆದು, ಮೊಮ್ಮಕ್ಕಳ ಖುಷಿ ಕೆಡಬಾರದೆಂದು ಮಂಡಿನೋವನ್ನು ಬಚ್ಚಿಟ್ಟುಕೊಂಡಿರುತ್ತೇವೆ. ವಿಮಾನದಲ್ಲಿ ‘ಮನೆಗೆ ಹೋದರೆ ಸಾಕಪ್ಪ’ ಎಂದು ಒಮ್ಮೆ ಬಾಯಿ ಬಿಡುತ್ತೇವೆ. ಮಗ ಅದನ್ನು ‘ಅಮ್ಮ ಈಗಲೇ ಹೊರಡಬೇಕು ಎನ್ನುತ್ತಿದ್ದಾರೆ’ ಎಂದು ತಿಳಿಯುತ್ತಾನೆ. ನಾವು ಹೇಳಿದ್ದು ಅದಲ್ಲ. ಒಂದು ಸ್ನಾನ, ಕಾಲು ಚಾಚಲು ಮಂಚ, ಬೆಳಿಗ್ಗೆ ಎರಡು ಇಡ್ಲಿ ಸಿಕ್ಕಿದರೆ ಆರು ಗಂಟೆ ತಡವಾಗಿ ಮನೆ ಸೇರಿದರೂ ನಮಗೆ ಏನೂ ಅನ್ನಿಸುವುದಿಲ್ಲ. ಒಂಬತ್ತು ಗಂಟೆ ವಿಮಾನದಲ್ಲಿ ಕೂತು ಬಂದ ಮೇಲೆ ಮತ್ತೆ ಏಳು ಗಂಟೆ ಕಾರಿನಲ್ಲಿ ಕೂತ ನನ್ನ ಕಾಲು ಮೊದಲ ಸಲ ಹೇಗೆ ಊದಿಕೊಂಡಿತ್ತೆಂದರೆ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮನೆಯೊಳಗೆ ಹೋದೆ. ಎರಡನೆಯ ಸಲ ನಾನೇ ಮೊದಲು ಮಗನನ್ನು ಕೂರಿಸಿಕೊಂಡು, ‘ದೇವನಹಳ್ಳಿಯಲ್ಲಿ ಒಂದು ಕೋಣೆ ಮಾಡು, ಇಲ್ಲದಿದ್ದರೆ ನಾನು ಬರುವುದಿಲ್ಲ’ ಎಂದು ಹೇಳಿದೆ.

ರಾತ್ರಿಪಾಳಿ ವೈದ್ಯೆ
ಶಿಕ್ಷಕಿಯವರು ಹೇಳಿದ ಕಾಲಿನ ಊತವನ್ನು ಲಘುವಾಗಿ ನೋಡಬೇಡಿ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕದಲದೆ ಕೂತು ಪ್ರಯಾಣಿಸಿದರೆ, ವಿಮಾನವಾಗಲಿ, ಕಾರಾಗಲಿ, ಬಸ್ಸಾಗಲಿ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2007ರಲ್ಲಿ ತಿಳಿಸಿತ್ತು. ಒಟ್ಟಾರೆ ಸಂಭವ ಸುಮಾರು 6,000ದಲ್ಲಿ ಒಬ್ಬರಿಗೆ, ಆದ್ದರಿಂದ ಹೆದರಬೇಕಾಗಿಲ್ಲ. ಆದರೆ ಎರಡು ದೀರ್ಘ ಪ್ರಯಾಣಗಳ ನಡುವೆ ಒಂದು ರಾತ್ರಿ ಮಲಗಿ ಎದ್ದು ಓಡಾಡುವುದು ಒಳ್ಳೆಯದು. ಒಂದೇ ಕಾಲು ಊದಿ ನೋವಾದರೆ, ಉಸಿರು ಕಟ್ಟಿದಂತಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಪೂರ್ವಕ್ಕೆ ಬರುವಾಗ ದಿನ ಚಿಕ್ಕದಾಗುವುದರಿಂದ ಪ್ರಮಾಣವನ್ನು ಹೊರಡುವ ಮೊದಲೇ ನಿಮ್ಮ ವೈದ್ಯರಲ್ಲಿ ಕೇಳಿಕೊಳ್ಳಿ.

ನಾನೇ ಚಾಲಕ
ನಿನ್ನೆಯಿಂದ ಈ ಚರ್ಚೆಯನ್ನು ಓದುತ್ತಿದ್ದೇನೆ. ಚಾಲಕರ ಬಗ್ಗೆ ನಾನು ಬರೆದದ್ದು ಸರಿಯಲ್ಲ, ಹಳದಿ ಬೋರ್ಡು ಅವರ ಕ್ಷಮೆ ಕೋರುತ್ತೇನೆ. ನಾಲ್ಕು ಬಾರಿ ತೊಂದರೆಯಾಗಿಲ್ಲ ಎಂದಿದ್ದೆ. ನನ್ನ ಹೆಂಡತಿಗೆ ಅದನ್ನು ಓದಿ ಹೇಳಿದಾಗ, ಎರಡನೆಯ ಸಲ ಬೇಲೂರಿನ ಹತ್ತಿರ ಅವಳು ನನ್ನ ಭುಜ ಹಿಡಿದು ಅಲುಗಾಡಿಸಿದ್ದನ್ನು ನೆನಪಿಸಿದಳು. ನನಗೆ ಅದು ನೆನಪೇ ಇಲ್ಲ.

ಹಳದಿ ಬೋರ್ಡು
ಕ್ಷಮೆಯ ಮಾತೇಕೆ ಸರ್. ಮುಂದಿನ ಸಲ ಬೆಳಗಾದ ಮೇಲೆ ಹೊರಡಿ, ಅಷ್ಟು ಸಾಕು.

ತುಂಗಾತೀರ
ಎಲ್ಲರಿಗೂ ಕೃತಜ್ಞತೆಗಳು. ಇದನ್ನೆಲ್ಲ ಓದಿದ ಮೇಲೆ ನಿನ್ನೆ ಸಂಜೆ ನಮ್ಮ ಚಾಲಕರ ಮನೆಗೆ ಹೋಗಿ ಬಂದೆ. ಆ ಹಿಂದಿನ ದಿನ ಅವರು ಧರ್ಮಸ್ಥಳದ ಬಾಡಿಗೆ ಮುಗಿಸಿ ಮಧ್ಯರಾತ್ರಿ ಮನೆಗೆ ಬಂದು, ಬೆಳಿಗ್ಗೆ ಐದಕ್ಕೆ ಎದ್ದು ಮಕ್ಕಳನ್ನು ಬಸ್ಸಿಗೆ ಬಿಟ್ಟು, ಮಧ್ಯಾಹ್ನ ನಮಗಾಗಿ ಹೊರಟಿದ್ದರು. ನಾನು 2:45ಕ್ಕೆ ‘ಹೊರಡೋಣವೇ?’ ಎಂದು ಕೇಳಿದ್ದೆ, ಅವರು ‘ಹೂಂ ಸಾರ್’ ಎಂದಿದ್ದರು. ‘ನಿದ್ದೆ ಆಗಿದೆಯೇ?’ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನಿಜ ಹೇಳುತ್ತಿದ್ದೆ ಎಂದು ಅವರು ಹೇಳಿದರು.

ಮೇ ತಿಂಗಳಿಗೆ ಹೀಗೆ ಗೊತ್ತು ಮಾಡಿದ್ದೇವೆ. ಚಾಲಕರು ಹಿಂದಿನ ದಿನ ಬೆಳಿಗ್ಗೆ ಹೊರಟು ಸಂಜೆಗೇ ದೇವನಹಳ್ಳಿ ಸೇರಿ, ಅವರಿಗಾಗಿ ಮಾಡಿದ ಕೋಣೆಯಲ್ಲಿ ಮಲಗುತ್ತಾರೆ. ತಮ್ಮನ ಸಂಸಾರ ನಿಲ್ದಾಣದ ಟ್ಯಾಕ್ಸಿಯಲ್ಲಿ ಅದೇ ವಸತಿಗೃಹಕ್ಕೆ ಬರುತ್ತದೆ, ಚಾಲಕರನ್ನು ಎಬ್ಬಿಸುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ತಿಂಡಿ ತಿಂದು ಹೊರಡುವುದು. ಎರಡು ಕೋಣೆಗೆ ನಾಲ್ಕೂವರೆ ಸಾವಿರ ರೂಪಾಯಿ ಆಗುತ್ತದೆ; ಇಂಟರ್‌ಲಾಕೆನ್‌ನಲ್ಲಿ ಒಂದು ಮಧ್ಯಾಹ್ನದ ಊಟಕ್ಕೆ ನಾವು ಐವರು ಅದಕ್ಕಿಂತ ಹೆಚ್ಚು ಕೊಟ್ಟಿದ್ದೆವು.

ನಿವೃತ್ತ ಶಿಕ್ಷಕಿ
ಬಹಳ ಸಂತೋಷವಾಯಿತು. ನಿಮ್ಮ ತಾಯಿಯವರು ಈಗ ಹೇಗಿದ್ದಾರೆ?

ತುಂಗಾತೀರ
ಚೆನ್ನಾಗಿದ್ದಾರೆ, ಅಮ್ಮ. ಹೋದ ವಾರ ಶಿವಮೊಗ್ಗಕ್ಕೆ ಕಣ್ಣಿನ ಪರೀಕ್ಷೆಗೆಂದು ಅದೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಹಿಂದೆ ಕೂರಲು ಒಪ್ಪಲಿಲ್ಲ. ಮುಂದಿನ ಸೀಟಿನಲ್ಲಿ ಕೂತು, ಹೋಗುವಾಗಲೂ ಬರುವಾಗಲೂ ಚಾಲಕರ ಮಕ್ಕಳ ಓದಿನ ಬಗ್ಗೆ ಒಂದೇ ಸಮನೆ ಮಾತಾಡಿಸುತ್ತಿದ್ದರು.